ಬಾಡು ಬಿಡಬೇಕಾ, ಬೇಡ್ವಾ?

ತುಂಬಾ ದಿನದಿಂದ ಬರೀಬೇಕು ಅಂದುಕೊಂಡಿದ್ದ ವಿಷಯ ಇದು. ಬರೆಯೋಕೆ ಕೂತಾಗಲೆಲ್ಲ ಏನೋ ಒಂದು ಅಡ್ಡ ಬರ್ತಿತ್ತು. ನಿಜ ಹೇಳಬೇಕಂದ್ರೆ ಅಡ್ಡ ಬರ್ತಿದ್ದದ್ದು ಕೆಲಸ ಅಲ್ಲ, ಸಂಕೋಚ. ಮಂಡ್ಯ ಕಡೆಯವನೊಬ್ಬ "ನಾನು ಬಾಡು ಬಿಡೋಣ ಅಂತಿದೀನಿ" ಅಂತ ಬರೆದರೆ ಊರಿನ ಗೆಳೆಯರು ಸುಮ್ಮನೆ ಬಿಡ್ತಾರಾ? :) ಇರಲಿ, ಬೈಸಿಕೊಂಡರಾಯ್ತು.

ಶುರುವಾಗಿದ್ದು 2025ರ ಮಹಾಲಯ ಅಮಾವಾಸ್ಯೆಯ ದಿನ. ಸೆಪ್ಟೆಂಬರ್ 21, ಭಾನುವಾರ. ಅಪ್ಪ ಹೋಗಿದ್ದು 2023ರ ಕೊನೆಯಲ್ಲಿ. ಅದರ ಮಾರನೇ ವರ್ಷದ ಪಕ್ಷವನ್ನ ಚಿಕ್ಕಪ್ಪನೇ ಮುಂದೆ ನಿಂತು ಮಾಡಿದ್ದರು. ಈ ಸಲ, "ನೀನು ದೊಡ್ಡ ಮಗ, ಇನ್ಮೇಲೆ ನೀನೇ ನಡ್ಸ್ಕಂಡು ಹೋಗ್ಬೇಕು ಕಣಪ್ಪ" ಅಂದರು. ಸರಿ ಅಂತ ಹಿಂದಿನ ದಿನವೇ ಊರಿಗೆ ಹೋದೆ. ಮದ್ದೂರಿನಿಂದ ಒಳಗೆ ಹೋಗಬೇಕಾದ ಸಣ್ಣ ಊರು ನಮ್ಮದು.

ನಮ್ಮ ಕಡೆ ಹಿರಿಯರಿಗೆ ಎಡೆ ಇಡೋದು ಗೊತ್ತಲ್ಲ? ಸತ್ತವರಿಗೆ ಏನೇನು ಇಷ್ಟವೋ ಅದೆಲ್ಲ ಇಡಬೇಕು. ಅಪ್ಪನಿಗೆ ಹೊಸ ಪಂಚೆ, ಟವೆಲ್, ಬೀಡಿ ಕಟ್ಟು, ಎಲೆ ಅಡಿಕೆ, ವಡೆ, ಕಜ್ಜಾಯ. ಇವೆಲ್ಲ ಪಕ್ಕವಾದ್ಯ. ಮುಖ್ಯ ಕಛೇರಿ ಅಂದರೆ ಮುದ್ದೆ, ನಾಟಿ ಕೋಳಿ ಸಾರು. ಎಡೆ ಇಟ್ಟು, ಸಾಂಬ್ರಾಣಿ ಹಾಕಿ, ಬಾಗಿಲು ಮುಂದೆ ಮಾಡಿ ಎಲ್ಲರೂ ಸ್ವಲ್ಪ ಹೊತ್ತು ಹೊರಗೆ ಬಂದು ನಿಲ್ಲಬೇಕು. ಹಿರಿಯರು ಬಂದು ಉಣ್ಣಲಿ ಅಂತ. ಆಮೇಲೆ ಒಳಗೆ ಹೋಗಿ ಆ ಎಡೆಯನ್ನೇ ಮನೆಮಂದಿಯೆಲ್ಲ ಹಂಚಿಕೊಂಡು ತಿನ್ನಬೇಕು.

ಇಷ್ಟೆಲ್ಲ ಆಗಬೇಕಾದರೆ ಮೊದಲು ಹುಂಜ ಕುಯ್ಯಬೇಕು. ಅದು ನನ್ನ ಪಾಲಿಗೆ ಬಂದಿತ್ತು.

ಚಿಕ್ಕವನಿದ್ದಾಗ ಅಪ್ಪ ಕುಯ್ಯುವಾಗ ಕೋಳಿಯ ಕಾಲು ಹಿಡ್ಕೊಳ್ಳೋನು ನಾನೇ. ಅಪ್ಪನದು ಒಂದು ಪದ್ಧತಿ ಇತ್ತು. ಕುಯ್ಯೋಕೆ ಮುಂಚೆ ಅದರ ಬಾಯಿಗೆ ಒಂದು ಗುಟುಕು ನೀರು ಬಿಡೋರು. ಸಾಯೋ ಮನುಷ್ಯರಿಗೆ ಬಿಡ್ತೀವಲ್ಲ, ಹಾಗೆ. ಆಮೇಲೆ ಒಂದೇ ಏಟು. ಎರಡನೇ ಸಲ ಚೂರಿ ಆಡಿಸಿದ್ದು ನಾನು ನೋಡಿಲ್ಲ. ಆಗ ನನಗೆ ಭಯವೂ ಆಗ್ತಿರಲಿಲ್ಲ, ಬೇಜಾರೂ ಆಗ್ತಿರಲಿಲ್ಲ. ನನ್ನ ಗಮನವೆಲ್ಲ ಈಲಿಯ ಮೇಲೆ. ಈಲಿ ಯಾರಿಗೆ ಅನ್ನೋದೇ ನಮ್ಮ ಮನೆಯ ದೊಡ್ಡ ಜಗಳ :)

ಅವತ್ತು ಬೆಳಗ್ಗೆ ಮಂಕರಿ ಎತ್ತಿ ಚಿಕ್ಕಪ್ಪನ ಮಗ ಹುಂಜ ಹಿಡಿದುಕೊಂಡು ಬಂದ. ಕೆಂಪು ಹುಂಜ, ಅವ್ವನೇ ಸಾಕಿದ್ದು. ನಾನು ಅಪ್ಪ ಮಾಡ್ತಿದ್ದ ಹಾಗೇ ಚೊಂಬಿನಿಂದ ನೀರು ಬಿಟ್ಟೆ. ಅದು ಕತ್ತು ಎತ್ತಿ ಕುಡೀತು. ಇನ್ನೊಂದು ಸ್ವಲ್ಪ ಬಿಟ್ಟೆ. ಅದನ್ನೂ ಕುಡೀತು. ಅಷ್ಟೇ ನೋಡಿ, ಕೈ ಆಡಲಿಲ್ಲ. ಬೆರಳ ತುದಿಗೆ ಅದರ ಕತ್ತಿನ ಬಿಸಿ, ಒಳಗೆ ಟಪಟಪ ಬಡಿತ. ಚೂರಿ ಇಟ್ಟೆ, ತೆಗೆದೆ, ಇಟ್ಟೆ, ತೆಗೆದೆ. ಸುತ್ತ ನಿಂತಿದ್ದ ಹುಡುಗರು ನಗೋಕೆ ಶುರು ಮಾಡಿದರು. ಕೊನೆಗೆ ಚಿಕ್ಕಪ್ಪ, "ಕೊಡಿಲ್ಲಿ, ಪಾಪ ಅದ್ನ ಯಾಕಂಗೆ ಸತಾಯಿಸ್ತೀಯ" ಅಂತ ಇಸ್ಕೊಂಡು ಮುಗಿಸಿದರು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಅವತ್ತೇ ಸಸ್ಯಾಹಾರಿಯಾದೆ ಅಂತ ಬರೆದು ಒಳ್ಳೇ ಹೆಸರು ತಗೋಬಹುದಿತ್ತು. ಆದರೆ ಮಧ್ಯಾಹ್ನ ಏನಾಯ್ತು ಗೊತ್ತಾ? ಪುಕ್ಕ ಕಿತ್ತು, ಬೆಂಕಿಯಲ್ಲಿ ಸುಟ್ಟು, ಅರಿಶಿನ ಹಚ್ಚಿ ತೊಳೆದು, ಅವ್ವ ಒರಳಲ್ಲಿ ರುಬ್ಬಿದ ಖಾರ ಹಾಕಿ ಸಾರು ಕುದಿಸಿದಾಗ ಬೀದಿಗೆಲ್ಲ ಘಮ. ನಾನು ಎರಡು ಮುದ್ದೆ ಉಂಡೆ. ಕೇಳಿ ಹಾಕಿಸಿಕೊಂಡು ಉಂಡೆ.

ಕುಯ್ಯೋಕೆ ಆಗಲಿಲ್ಲ, ಉಣ್ಣೋಕೆ ಆಯ್ತು!

ಸಂಜೆ ಬೆಂಗಳೂರಿಗೆ ಹೊರಟಾಗ ಅವ್ವ ಎಂದಿನಂತೆ ಸ್ಟೀಲ್ ಕ್ಯಾರಿಯರಿನಲ್ಲಿ ಸಾರು ತುಂಬಿ ಕೊಟ್ಟಳು. ಹೆಂಡತಿಗೆ, ಮಗಳಿಗೆ. ದಾರಿಯುದ್ದಕ್ಕೂ ಪಕ್ಕದ ಸೀಟಿನಲ್ಲಿ ಆ ಕ್ಯಾರಿಯರ್. ಅದನ್ನ ನೋಡ್ತಾ ನೋಡ್ತಾ ಇಪ್ಪತ್ತೆರಡು ವರ್ಷದ ಹಿಂದಿನ ಇನ್ನೊಂದು ಕ್ಯಾರಿಯರ್ ನೆನಪಾಯ್ತು. ಇದನ್ನ ಇಲ್ಲಿಯವರೆಗೂ ಯಾರಿಗೂ ಹೇಳಿಲ್ಲ, ಹೆಂಡತಿಗೂ.

2003ರಲ್ಲಿ ಬೆಂಗಳೂರಿನಲ್ಲಿ ಮೊದಲ ಕೆಲಸ ಸಿಕ್ಕಿತ್ತು. ಮನೆ ಹುಡುಕಿ ಹುಡುಕಿ ಸಾಕಾಗಿ, ಕೊನೆಗೆ ಒಂದು ಹಳೇ ಬಡಾವಣೆಯಲ್ಲಿ ಮಹಡಿ ಮೇಲಿನ ಒಂದು ರೂಮು, ಅಡುಗೆಮನೆ ಸಿಕ್ಕಿತು. ಗೇಟಿನಲ್ಲೇ ಬೋರ್ಡು, ಸಸ್ಯಾಹಾರಿಗಳಿಗೆ ಮಾತ್ರ ಅಂತ. ಓನರ್ ಕೇಳಿದರು, "ನೀವು ವೆಜ್ಜಾ?" ನಾನು ಹೂಂ ಅಂದೆ. ಒಂದೇ ಅಕ್ಷರದ ಸುಳ್ಳು.

ಎರಡು ತಿಂಗಳಾದ ಮೇಲೆ ಮಗ ಹೇಗಿದ್ದಾನೋ ನೋಡೋಣ ಅಂತ ಅವ್ವ ಬಂದಳು. ಬಸ್ಸಿನಲ್ಲಿ, ತೊಡೆ ಮೇಲೆ ಕ್ಯಾರಿಯರ್ ಇಟ್ಟುಕೊಂಡು, ಚೆಲ್ಲದ ಹಾಗೆ ಹಿಡ್ಕೊಂಡು. ಬಂದವಳೇ ಸಾರು ಬಿಸಿಗೆ ಇಟ್ಟಳು. ನಾನು ಬೇಡ ಅನ್ನೋ ಅಷ್ಟರಲ್ಲಿ ಘಮ ಮೆಟ್ಟಿಲು ಇಳಿದಿತ್ತು. ಓನರ್ ಮನೆಯಾಕೆ ಮೇಲೆ ಬಂದು ಬಾಗಿಲಲ್ಲಿ ನಿಂತು, "ಏನೋ ವಾಸನೆ ಬರ್ತಿದೆಯಲ್ಲ?" ಅಂದರು. ನಾನು, "ಹೌದಾ ಆಂಟಿ, ಹಿಂದಿನ ಬೀದಿಯಿಂದ ಬರ್ತಿರಬೇಕು" ಅಂದೆ. ಅವ್ವ ಅಡುಗೆಮನೆಯಲ್ಲಿ ಸ್ಟೌ ಆರಿಸಿ, ಪಾತ್ರೆಗೆ ಮುಚ್ಚಳ ಹಾಕಿ, ಗೋಡೆಗೆ ಒರಗಿ ನಿಂತಿದ್ದಳು. ಆಕೆ ಹೋದ ಮೇಲೆ ಕೇಳಿದಳು, "ಇದೇನ್ಲಾ, ನಾವ್ ಉಣ್ಣೋದು ಕಳ್ತನವಾ?"

ಅವತ್ತು ಇಬ್ಬರೂ ಮೊಸರನ್ನ ತಿಂದು ಮಲಗಿದೆವು. ರಾತ್ರಿ ನಾನು ಸಾರನ್ನೆಲ್ಲ ಕವರಿಗೆ ಸುರಿದು, ಎರಡು ಬೀದಿ ಆಚೆ ಹೋಗಿ ಕಸದ ತೊಟ್ಟಿಗೆ ಹಾಕಿ ಬಂದೆ. ಬೆಳಗ್ಗೆ ಅವ್ವನಿಗೆ ಫ್ರೆಂಡ್ಸ್‌ಗೆ ಕೊಟ್ಟೆ ಅಂದೆ. ಅವಳು ಏನೂ ಕೇಳಲಿಲ್ಲ. ಖಾಲಿ ಕ್ಯಾರಿಯರ್ ತಗೊಂಡು ಬಸ್ಸು ಹತ್ತಿದಳು.

ಈಗ ನನ್ನ ಸಮಸ್ಯೆ ಏನು ಅಂತ ಅರ್ಥ ಆಗಿರಬೇಕು. ಕೋಳಿಯ ಕತ್ತು ಹಿಡಿದ ಕೈ ಹೇಳುತ್ತೆ, ಬಿಡು ಅಂತ. ಕ್ಯಾರಿಯರ್ ಹೇಳುತ್ತೆ, ಈಗ ಬಿಟ್ಟರೆ ಆ ಗೇಟಿನ ಬೋರ್ಡು ಗೆದ್ದ ಹಾಗೆ ಅಂತ.

ಇದು ನನ್ನೊಬ್ಬನ ತಲೆಹರಟೆ ಅಂದ್ಕೋಬೇಡಿ. 2024ರ ಡಿಸೆಂಬರ್‌ನಲ್ಲಿ ನಮ್ಮ ಮಂಡ್ಯದಲ್ಲೇ 87ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತಲ್ಲ, ಆಗ ಊಟದ ಬಗ್ಗೆ ಎಷ್ಟು ಗಲಾಟೆ ಆಯ್ತು ನೆನಪಿದೆಯಾ? ಸೂಚನೆಯೊಂದರಲ್ಲಿ ಮದ್ಯ, ತಂಬಾಕಿನ ಜೊತೆಗೆ ಮಾಂಸಾಹಾರವನ್ನೂ ಸೇರಿಸಿ ನಿಷೇಧ ಅಂದಿದ್ದರು. ಬಾಡೂಟ ಬೇಕು ಅಂತ ಜನ ಹೋರಾಟಕ್ಕೆ ಇಳಿದರು. ಆಗ ನಾನು ಪೂರ್ತಿ ಹೋರಾಟದವರ ಕಡೆ. ಸಮ್ಮೇಳನಕ್ಕೆ ಹೋದವನಿಗೆ ಬಾಡು ಹಾಕಲೇಬೇಕು ಅನ್ನೋ ಹಟ ನನಗಿರಲಿಲ್ಲ. ಆದರೆ ನನ್ನವ್ವನ ಸಾರನ್ನ ಹೆಂಡದ ಪಕ್ಕ, ಗುಟ್ಕಾದ ಪಕ್ಕ ನಿಲ್ಲಿಸಿದ್ದು ನೋವಾಗಿತ್ತು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಕಡೆ ಶಾಲೆ ಮಕ್ಕಳಿಗೆ ಮೊಟ್ಟೆ ಕೊಡೋಕೆ ಶುರು ಮಾಡಿದಾಗಲೂ ಹಾಗೇ. ಅಪೌಷ್ಟಿಕತೆ ಇರೋ ಮಕ್ಕಳಿಗೆ ಒಂದು ಮೊಟ್ಟೆ, ಅದರಲ್ಲಿ ಸುಮಾರು ಆರು ಗ್ರಾಂ ಪ್ರೋಟೀನ್. ಬೇಡದವರಿಗೆ ಬಾಳೆಹಣ್ಣು ಇತ್ತು. ಅದಕ್ಕೂ ಕೆಲವು ಮಠಾಧೀಶರಿಂದ ವಿರೋಧ. 2014ರ ಸರ್ಕಾರಿ ಸಮೀಕ್ಷೆಯ ಪ್ರಕಾರವೇ ದೇಶದಲ್ಲಿ 15 ವರ್ಷ ಮೇಲ್ಪಟ್ಟವರಲ್ಲಿ ಶೇಕಡ 70ಕ್ಕೂ ಹೆಚ್ಚು ಜನ ಮಾಂಸಾಹಾರಿಗಳು. ಆದರೂ ತಲೆ ತಗ್ಗಿಸಿ ತಿನ್ನಬೇಕಾದವರು ನಾವೇ.

ಹೀಗೆಲ್ಲ ವಾದ ಮಾಡಿದವನೇ ಈಗ ಬಿಡ್ತೀನಿ ಅಂದರೆ ಹೇಗೆ?

ಸರಿ, ಸ್ವಲ್ಪ ಲೆಕ್ಕ ಹಾಕೋಣ ಅಂತ ಕೂತೆ. ನಾನು ಚಿಕ್ಕವನಿದ್ದಾಗ ನಮ್ಮ ಮನೇಲಿ ವರ್ಷಕ್ಕೆ ಎಷ್ಟು ದಿನ ಬಾಡು? ಸೋಮವಾರ ಶಿವನ ವಾರ, ಇಲ್ಲ. ಶನಿವಾರ ಇಲ್ಲ. ಅಲ್ಲಿಗೇ 104 ದಿನ ಹೋಯ್ತು. ಶ್ರಾವಣ ಪೂರ್ತಿ ಇಲ್ಲ. ಹಬ್ಬ ಹುಣ್ಣಿಮೆ ಇಲ್ಲ. ಉಳಿದ ದಿನ ತಿನ್ನಬಹುದು, ಆದರೆ ದುಡ್ಡೆಲ್ಲಿತ್ತು? ಯುಗಾದಿ ಮಾರನೇ ದಿನದ ವರ್ಷತೊಡಕು, ಮಾರಿಹಬ್ಬ, ಮಹಾಲಯ, ನೆಂಟರು ಬಂದಾಗ, ಅಪರೂಪಕ್ಕೊಂದು ಭಾನುವಾರ. ಎಳೆದೂ ಎಳೆದೂ ನಲವತ್ತು ದಿನ ಆಗಬಹುದು. ಉಳಿದ ದಿನವೆಲ್ಲ ಉಪ್ಸಾರು, ಬಸ್ಸಾರು, ಹುರುಳಿಕಾಳು, ಅವರೆಕಾಳು.

ಈಗ? ಮನೆ ಕೆಳಗೇ ಚಿಕನ್ ಅಂಗಡಿ. ಫೋನ್ ಒತ್ತಿದರೆ ಬಿರಿಯಾನಿ. ವಾರಕ್ಕೆ ಮೂರು ದಿನ ಗ್ಯಾರಂಟಿ. ಅಂದರೆ ವರ್ಷಕ್ಕೆ ನೂರೈವತ್ತಕ್ಕೂ ಮೇಲೆ. ಅಪ್ಪನ ನಾಲ್ಕು ಪಾಲು ತಿಂತಿದ್ದೀನಿ, ಅಪ್ಪ ಮಾಡ್ತಿದ್ದ ಕೆಲಸದಲ್ಲಿ ಕಾಲುಪಾಲೂ ನನ್ನಿಂದ ಆಗಲ್ಲ. ನಾಟಿ ಹುಂಜ ಸಾರಿಗೆ ಬರೋಕೆ ಐದಾರು ತಿಂಗಳು ಬೇಕು, ಅಷ್ಟು ದಿನವೂ ಅದು ತಿಪ್ಪೆ ಕೆದಕಿ, ಜಗಳ ಆಡಿ, ಬೆಳಗ್ಗೆ ಕೂಗಿ ಬದುಕಿರುತ್ತೆ. ಬ್ರಾಯ್ಲರ್ ಕೋಳಿ ಸುಮಾರು ಆರು ವಾರಕ್ಕೆ ಎರಡು ಕೇಜಿ ತೂಗುತ್ತೆ, ಅಂಗಡಿಗೆ ಬರುತ್ತೆ. ಅದಕ್ಕೆ ನೀರು ಬಿಡೋರು ಯಾರೂ ಇಲ್ಲ. ನಾನು ಅಂಗಡಿ ಮುಂದೆ ನಿಂತು ಮೊಬೈಲ್ ನೋಡ್ತಿರ್ತೀನಿ, ಹಿಂದೆ ಡ್ರಮ್ಮಿನೊಳಗೆ ಅದು ಬಡ್ಕೊಳ್ತಿರುತ್ತೆ.

ಇದನ್ನೆಲ್ಲ ಓದಿ, "ಹಾಗಾದರೆ ಸಸ್ಯಾಹಾರಿಗಳೇ ಶ್ರೇಷ್ಠ ಅಂತ ಒಪ್ಪಿಕೊಂಡ" ಅಂತ ಯಾರಾದರೂ ಮುಗುಳ್ನಕ್ಕರೆ ಒಂದು ನಿಮಿಷ ತಡೀರಿ :) ನಮ್ಮ ಮನೇಲಿ ಒಂದು ಸೀಮೆ ಹಸು ಇದೆ. ಅವ್ವ ಎರಡು ಹೊತ್ತೂ ಡೇರಿಗೆ ಹಾಲು ಹಾಕ್ತಾಳೆ. ಅದು ಗಂಡು ಕರು ಹಾಕಿದರೆ ಮನೇಲಿ ಯಾರ ಮುಖದಲ್ಲೂ ನಗು ಇರಲ್ಲ. ಉಳೋಕೆ ಟ್ರ್ಯಾಕ್ಟರ್ ಬಂದ ಮೇಲೆ ಆ ಕರುವಿಗೆ ಕೆಲಸ ಇಲ್ಲ, ಮೇವು ಹಾಕೋಕೆ ನಮಗೆ ಕೈಲಾಗಲ್ಲ. ಅದು ಎಲ್ಲಿಗೆ ಹೋಗುತ್ತೆ ಅಂತ ಯಾರೂ ಬಾಯಿಬಿಟ್ಟು ಮಾತಾಡಲ್ಲ. ಪೇಟೆಯ ಫಿಲ್ಟರ್ ಕಾಫಿಯೊಳಗೆ ಆ ಕರುವೂ ಇದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಒಂದು ವರದಿ ಕೊಟ್ಟಿತ್ತು. ಮನುಷ್ಯರಿಂದಾಗುವ ಹಸಿರುಮನೆ ಅನಿಲದಲ್ಲಿ ಶೇಕಡ 14.5 ಜಾನುವಾರು ಸಾಕಣೆಯದು ಅಂತ. ಅದರೊಳಗೆ ದನದ ಮಾಂಸದ ಪಾಲು ಸುಮಾರು ಶೇಕಡ 41, ಹಸುವಿನ ಹಾಲಿನದು 20, ಕೋಳಿ ಮತ್ತು ಮೊಟ್ಟೆ ಎರಡೂ ಸೇರಿ ಬರೀ 8. ಭೂಮಿಗೋಸ್ಕರ ಬಿಡೋದಾದರೆ ನಾನು ಕೋಳಿಗಿಂತ ಮುಂಚೆ ಕಾಫಿ ಬಿಡಬೇಕು! ಅದು ನನ್ನಿಂದ ಆಗಲ್ಲ. ಆದ್ದರಿಂದ ಭೂಮಿಯ ಹೆಸರು ಹೇಳಿಕೊಂಡು ಮೆರೆಯೋದು ಬೇಡ ಅಂದ್ಕೊಂಡೆ.

ಆರೋಗ್ಯದ ಮಾತೂ ಅಷ್ಟೇ. ರಾಗಿಯಲ್ಲಿ ನೂರು ಗ್ರಾಂಗೆ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ಹುರುಳಿಯಲ್ಲಿ ಇಪ್ಪತ್ತು ಗ್ರಾಂಗೂ ಮೇಲೆ ಪ್ರೋಟೀನ್ ಇದೆ. ಬಿ12 ಮಾತ್ರ ಸೊಪ್ಪು, ಕಾಳಿನಿಂದ ಸಿಗಲ್ಲ. ಹಾಲು, ಮೊಸರು, ಮೊಟ್ಟೆಯಿಂದ ಸಿಗುತ್ತೆ, ಸಾಲದಿದ್ದರೆ ಮಾತ್ರೆ. ತಿಂದರೂ ಬದುಕಬಹುದು, ಬಿಟ್ಟರೂ ಬದುಕಬಹುದು. ಹಾಗಾಗಿ ಡಾಕ್ಟರ ಮೇಲೆ ಹಾಕಿ ತಪ್ಪಿಸ್ಕೊಳ್ಳೋಕೂ ದಾರಿ ಇಲ್ಲ.

ಆ ಸಮಯದಲ್ಲೇ ಗಾಂಧೀಜಿ ಆತ್ಮಕಥೆ ಮತ್ತೆ ಓದಿದೆ. ಕಾಲೇಜಿನಲ್ಲಿ ಓದಿದ್ದೆ, ಆದರೆ ಆಗ ಒಂದು ವಿಷಯ ತಲೆಗೆ ಹೋಗಿರಲಿಲ್ಲ. ಹುಡುಗನಾಗಿದ್ದಾಗ ಗಾಂಧಿ ಗೆಳೆಯನೊಬ್ಬನ ಜೊತೆ ಕದ್ದು ಮೇಕೆ ಮಾಂಸ ತಿಂದಿದ್ದು, ಆ ರಾತ್ರಿ ಹೊಟ್ಟೆಯೊಳಗೆ ಮೇಕೆ ಅರಚಿದ ಹಾಗಾಗಿದ್ದು ಎಲ್ಲರಿಗೂ ಗೊತ್ತು. ಆದರೆ ಅವರು ನಿಲ್ಲಿಸಿದ್ದು ಮೇಕೆಯ ಕಾರಣಕ್ಕಲ್ಲ! ಆಮೇಲೂ ಸುಮಾರು ಒಂದು ವರ್ಷ ಆಗಾಗ ತಿಂದರು. ರುಚಿಯೂ ಹತ್ತಿತ್ತು. ಹೊರಗೆ ತಿಂದು ಬಂದ ದಿನ ಮನೇಲಿ ಹಸಿವಿಲ್ಲ ಅಂತ ತಾಯಿಗೆ ಸುಳ್ಳು ಹೇಳಬೇಕಲ್ಲ, ಅದು ಸಹಿಸೋಕಾಗದೆ ನಿಲ್ಲಿಸಿದ್ದು. ಅಪ್ಪ ಅಮ್ಮ ಇರೋವರೆಗೂ ಬೇಡ, ಆಮೇಲೆ ರಾಜಾರೋಷವಾಗಿ ತಿಂದರಾಯ್ತು ಅಂತಲೇ ಆಗ ಅಂದುಕೊಂಡಿದ್ದರು. 1888ರಲ್ಲಿ ಲಂಡನ್ನಿಗೆ ಹೋಗುವಾಗ ತಾಯಿಗೆ ಮಾತು ಕೊಟ್ಟರು. ಅಲ್ಲಿ ಹೆನ್ರಿ ಸಾಲ್ಟ್ ಬರೆದ ಪುಸ್ತಕ ಓದಿದ ಮೇಲೆಯೇ ತಾವಾಗಿ ಒಪ್ಪಿ ಸಸ್ಯಾಹಾರಿಯಾಗಿದ್ದು.

ನಾನು ಅಲ್ಲಿಗೇ ಪುಸ್ತಕ ಮುಚ್ಚಿದೆ. ಅವರು ತಾಯಿಗೆ ಸುಳ್ಳು ಹೇಳಬಾರದು ಅಂತ ಬಿಟ್ಟರು. ನಾನು ಮನೆ ಓನರಿಗೆ ಸುಳ್ಳು ಹೇಳಿ, ತಾಯಿಗೂ ಸುಳ್ಳು ಹೇಳಿ, ತಾಯಿ ಮಾಡಿದ ಸಾರನ್ನ ತೊಟ್ಟಿಗೆ ಸುರಿದವನು. ಕೋಳಿ ವಿಷಯ ಆಮೇಲೆ. ಮೊದಲು ಅವ್ವನ ಹತ್ತಿರ ಮಾತಾಡಬೇಕು ಅನ್ನಿಸಿತು.

ದೀಪಾವಳಿಗೆ ಊರಿಗೆ ಹೋದೆ. ಅವ್ವ ಜಗಲಿ ಮೇಲೆ ಕೂತು ಮೊರದಲ್ಲಿ ಹುರುಳಿ ಕೇರ್ತಿದ್ದಳು. ಪಕ್ಕದಲ್ಲಿ ಕೂತು ಹೇಳಿದೆ, "ಅವ್ವ, ನಾನು ಬಾಡು ಬಿಡೋಣ ಅಂತಿದೀನಿ."

"ಯಾಕ್ಲಾ, ಡಾಕ್ಟ್ರು ಹೇಳುದ್ರಾ?"

"ಇಲ್ಲ."

"ಹೆಂಡ್ತಿ ಏನಾರ ಅಂದ್ಲಾ?"

"ಇಲ್ಲವ್ವ. ಅವತ್ತು ಹುಂಜ ಕುಯ್ಯೋಕೆ ಆಗಲಿಲ್ಲವಲ್ಲ..."

"ಅಯ್ಯೋ, ಕುಯ್ಯಕ್ಕೆ ನಿನ್ ಚಿಕ್ಕಪ್ಪ ಅವ್ನೆ. ಅದ್ಕೆ ಯಾಕ್ ಊಟ ಬುಡ್ತೀಯ?" ಅಂದವಳು ಮೊರ ನಿಲ್ಲಿಸಿ ನನ್ನ ಮುಖ ನೋಡಿದಳು. "ಬೆಂಗ್ಳೂರಲ್ಲಿ ಮತ್ತೆ ಯಾರಾದ್ರೂ ಏನಾರ ಅಂದ್ರಾ? ಅವತ್ತು ಸಾರು ಚೆಲ್ಲಿದ್ಯಲ್ಲ, ಹಂಗೆ?"

ನನಗೆ ಒಂದು ಕ್ಷಣ ಉಸಿರು ನಿಂತ ಹಾಗಾಯ್ತು. "ನಿಂಗೆ ಗೊತ್ತಿತ್ತಾ?"

"ನೀನು ಕವರು ಇಡ್ಕಂಡು ಮೆಟ್ಲು ಇಳಿದಾಗ ನಾನು ಎದ್ದೇ ಇದ್ದೆ ಕಣ್ಲಾ. ಹೊಸ ಕೆಲ್ಸ, ಮನೆ ಬುಡ್ಸ್‌ಬುಟ್ರೆ ಎಲ್ಲೋಗ್ತಿದ್ದೆ ನೀನು... ಹೋಗ್ಲಿ ಬುಡು. ಈಗ ಯಾರ್ಗಾದ್ರೂ ಎದ್ರುಕಂಡು ಬುಡ್ತಿದ್ದೀಯಾ?"

"ಇಲ್ಲವ್ವ. ಈಗ ಸ್ವಂತ ಮನೆ. ಯಾರೂ ಕೇಳೋರಿಲ್ಲ. ನನಗೇ ಅನ್ಸಿದ್ದು."

"ಹಂಗಾರೆ ಬುಡು. ನಂಗೇನು" ಅಂತ ಮತ್ತೆ ಮೊರ ಎತ್ತಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ, ನನ್ನನ್ನ ನೋಡದೇ, "ಮತ್ತೆ ನೀನ್ ಬಂದಾಗ ನಾನೇನ್ ಮಾಡ್ಲಿ?" ಅಂದಳು.

ಇದಕ್ಕೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಗ ಬರ್ತಾನೆ ಅಂದ ತಕ್ಷಣ ಹುಂಜ ಹಿಡಿಸಿ, ಖಾರ ರುಬ್ಬೋದು ಬಿಟ್ಟು ಆಕೆಗೆ ಇನ್ನೇನು ಹಬ್ಬ ಇದೆ? ನನ್ನ ಕರುಣೆಯ ಬೆಲೆಯನ್ನ ಅವಳ ಕೈಯಿಂದ ಕಿತ್ತು ಕೊಡ್ತಿದ್ದೀನಾ ಅನ್ನಿಸಿತು. ಉಪ್ಸಾರು ಮಾಡು ಅಂದೆ. "ಉಪ್ಸಾರು ದಿನಾ ಮಾಡ್ತೀನಿ, ಅದ್ಕೆ ನೀನ್ಯಾಕ್ ಬರ್ಬೇಕು" ಅಂದಳು. ಆದರೂ ಸಂಜೆ ಹಿತ್ತಲಿಗೆ ಹೋಗಿ ಸೊಪ್ಪು ಕಿತ್ತುಕೊಂಡು ಬಂದಳು. ಚಿಕ್ಕಪ್ಪ ವಿಷಯ ಕೇಳಿ, "ಜನಿವಾರ ಯಾವಾಗ ಆಕ್ಕತೀಯಪ್ಪ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಸ್ವಲ್ಪ ಚುಚ್ಚಿತು, ಸುಳ್ಳು ಯಾಕೆ ಹೇಳಲಿ.

ಅವತ್ತಿನಿಂದ ತಿಂದಿಲ್ಲ. ಹೆಂಡತಿ, ಮಗಳು ತಿಂತಾರೆ, ಅವರಿಗೆ ಅಂಗಡಿಯಿಂದ ತಂದು ಕೊಡೋನೂ ನಾನೇ. ಮೊಟ್ಟೆ ಬಿಟ್ಟಿಲ್ಲ, ಕಾಫಿ ಅಂತೂ ಬಿಟ್ಟೇ ಇಲ್ಲ. ಆಫೀಸಿನಲ್ಲಿ ಯಾರಾದರೂ, "ಓ ನೀವೂ ವೆಜ್ ಆದ್ರಾ, ಗುಡ್ ಗುಡ್" ಅಂದರೆ ಮೈ ಉರಿಯುತ್ತೆ. "ನಾನು ವೆಜ್ ಅಲ್ಲ, ತಿಂತಾ ಇಲ್ಲ ಅಷ್ಟೇ" ಅಂತೀನಿ. ಆ ಎರಡಕ್ಕೂ ಏನು ವ್ಯತ್ಯಾಸ ಅಂತ ಅವರಿಗೆ ಗೊತ್ತಾಗಲ್ಲ. ನನಗೆ ಗೊತ್ತು. ಒಂದು ಗೇಟಿನ ಬೋರ್ಡಿನಲ್ಲಿ ಇರೋದು, ಇನ್ನೊಂದು ನನ್ನ ತಟ್ಟೆಯಲ್ಲಿ ಮಾತ್ರ ಇರೋದು. ಮಂಡ್ಯದಲ್ಲಿ ನಾಳೆ ಮತ್ತೆ ಬಾಡೂಟದ ಹೋರಾಟ ಆದರೆ ನಾನು ಅವರ ಸಾಲಿನಲ್ಲೇ ನಿಲ್ಲೋನು, ತಟ್ಟೆ ಮಾತ್ರ ಹಿಡಿಯಲ್ಲ.

ತೀರ್ಮಾನ ಆಗದೇ ಉಳಿದಿರೋದು ಒಂದೇ. ಮುಂದಿನ ಮಹಾಲಯ. ಅಪ್ಪನಿಗೆ ಕೋಳಿ ಸಾರಿನ ಎಡೆ ಇಟ್ಟೇ ಇಡ್ತೀನಿ, ಅದರಲ್ಲಿ ಎರಡು ಮಾತಿಲ್ಲ. ನಾನು ಬಿಟ್ಟೆ ಅಂತ ಅಪ್ಪನ ಎಲೆಗೆ ಬರೀ ಉಪ್ಸಾರು ಬಡಿಸೋಕೆ ಆಗುತ್ತಾ? ಹುಂಜದ ಬಾಯಿಗೆ ನೀರನ್ನೂ ನಾನೇ ಬಿಡ್ತೀನಿ. ಕುಯ್ಯೋದು ಚಿಕ್ಕಪ್ಪ ಕುಯ್ಯಲಿ. ಆದರೆ ಬಾಗಿಲು ತೆಗೆದು ಒಳಗೆ ಹೋದ ಮೇಲೆ ಅವ್ವ ಎಡೆಯಿಂದ ಒಂದು ತುತ್ತು ತೆಗೆದು, "ತಗೋ, ನಿಮ್ಮಪ್ಪಂದು" ಅಂತ ಕೈ ಮುಂದೆ ಮಾಡಿದರೆ?

ಬೇಡ ಅನ್ನೋಕೆ ನನ್ನಿಂದ ಆಗುತ್ತೆ ಅಂತ ಅನ್ನಿಸ್ತಿಲ್ಲ. ತಿಂದರೆ ಬಿಟ್ಟಿದ್ದು ಸುಳ್ಳಾಗುತ್ತಾ ಅಂತಲೂ ಗೊತ್ತಿಲ್ಲ.

ನಿಮ್ಮ ಮನೇಲೂ ಯಾರಾದರೂ ಹೀಗೆ ಬಿಟ್ಟವರು, ಬಿಟ್ಟು ಮತ್ತೆ ಹಿಡಿದವರು ಇರ್ತಾರೆ. ಎಡೆಯ ದಿನ ಅವರು ಏನು ಮಾಡ್ತಾರೆ? ಗೊತ್ತಿದ್ದರೆ ಹೇಳಿ. ಬೈಯೋದಿದ್ದರೂ ಬೈಯಿರಿ, ಊರಿನವರ ಸರದಿ ಮೊದಲು :)